ರೆಕ್ಕೆ ಹೊಲಿದ ಸೋದರತ್ತೆ

ನನ್ನ ಸೋದರತ್ತೆಯ ಕೆಳತುಟಿ ಎಡಕ್ಕೆ ಸೊಟ್ಟಗಿತ್ತು. ಮುಂದಿನ ಹಲ್ಲೊಂದರ ಅಂಚಿನಲ್ಲಿ ದಾರ ಕೂರುವಷ್ಟು ಸಣ್ಣ ಕಚ್ಚು ಬಿದ್ದಿತ್ತು. ಜೀವಮಾನವಿಡೀ ಕೌದಿ ಹೊಲಿದು, ಕತ್ತರಿ ಕೈಗೆ ಸಿಗದಾಗಲೆಲ್ಲ ದಾರವನ್ನು ಹಲ್ಲಿನಿಂದಲೇ ಕಡಿದು ಹಾಗಾಗಿದೆ ಎಂದು ಅವಳು ಹೇಳುತ್ತಿದ್ದಳು. ಹಲ್ಲಿನ ಮಟ್ಟಿಗೆ ಅದು ನಿಜವಿರಬಹುದು. ತುಟಿ ಮಾತ್ರ ಜನರನ್ನು ನೋಡಿ ನೋಡಿ ಹಾಗಾದದ್ದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಮಗಳ ಮನೆಯ ವರಾಂಡವೇ ಅವಳ ಕಾರ್ಖಾನೆ. ಕೌದಿ ಹೊಲಿಸಲು ಹೆಂಗಸರು ಹಳೆ ಸೀರೆಗಳ ಗಂಟು ಹೊತ್ತು ಬಂದರೆ ಮೊದಲು ಗಂಟು ಬಿಚ್ಚಿಸುತ್ತಿದ್ದಳು, ಆಮೇಲೆ ಅವರ ಮಾನ ಕಳೆಯುತ್ತಿದ್ದಳು. "ಇದು ಸೀರೆನಾ, ಸೊಳ್ಳೆ ಪರದೆನಾ? ಇದನ್ನ ಉಟ್ಕಂಡು ಮದುವೆಗೆ ಹೋಗಿದ್ರಾ? ಯಾರೂ ಏನೂ ಅನ್ನಲಿಲ್ಲಾ?" ಹೆಂಗಸರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು, ಮುಂದಿನ ವರ್ಷ ಮತ್ತೆ ಬರುತ್ತಿದ್ದರು. ಏಕೆಂದರೆ ಅವಳ ಕೌದಿ ಹರಿಯುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಬೇರೆಯವರು ಹೊಲಿದ ಕೌದಿ ಕೊಟ್ಟರೆಂದು ಹೊದೆಯದೆ ಚಳಿಯಲ್ಲಿ ಗಡಗಡ ನಡುಗುತ್ತ ಕೂತ ಮಹಾತಾಯಿ ಅವಳು. ಮಗಳು ಲಂಗಕ್ಕೆ ಅಂಚು ಹೊಲಿದರೂ ಹುಳುಕು ಹುಡುಕಿ ಅಳಿಸುತ್ತಿದ್ದಳು. ಇಷ್ಟೆಲ್ಲ ಅಹಂಕಾರಕ್ಕೆ ಅವಳ ಬಳಿ ಇದ್ದ ಆಧಾರ ಒಂದೇ. ಹಾಲಿನವನಿಂದ ಹಿಡಿದು ಮೀಟರ್ ನೋಡಲು ಬಂದವನವರೆಗೆ ಎಲ್ಲರಿಗೂ ಅದನ್ನು ಹೇಳುತ್ತಿದ್ದಳು: "ನನ್ನ ಹೊಲಿಗೆ ಇವತ್ತಿಗೂ ಒಬ್ರೂ ಬಿಚ್ಚಿಲ್ಲ. ನಾನೂ ಬಿಚ್ಚಿಲ್ಲ."

ನಾನು ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದು, ನೌಕರಿ ಮುಗಿಸಿ ಬಂದು ಶಾಮನೂರಿನಲ್ಲಿ ಮನೆ ಮಾಡಿದವನು. ಊರಿಗೆ ಬಂದ ಮೇಲೆ ಸಿಕ್ಕ ಕೆಲಸ ಹರಿಹರದ ಶೆಡ್ಡಿನದು. ಪಿ.ಜೆ. ಬಡಾವಣೆಯ ಅಕ್ಕಿಗಿರಣಿ ಸಾಹುಕಾರರೊಬ್ಬರು ವಾಯುಪಡೆಯ ಹಳೆಯ ತರಬೇತಿ ವಿಮಾನವೊಂದರ ಅಸ್ಥಿಪಂಜರವನ್ನು ಎಲ್ಲಿಂದಲೋ ಲಾರಿಯಲ್ಲಿ ತಂದು, ಹೊಳೆ ಕಡೆಯ ಮುಚ್ಚಿಹೋದ ವರ್ಕ್‌ಶಾಪೊಂದರಲ್ಲಿ ಇಟ್ಟಿದ್ದರು. ಮೇಲೆರಡು, ಕೆಳಗೆರಡು ರೆಕ್ಕೆ. ಒಳಗೆ ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ಅಂಥ ಕಾಲದ ವಿಮಾನ. ಅದನ್ನು ಮತ್ತೆ ಆಕಾಶಕ್ಕೆ ಏರಿಸಬೇಕೆಂಬುದು ಸಾಹುಕಾರರ ಆಸೆ. ಆಸೆ ಅನ್ನುವುದಕ್ಕಿಂತ ತೆವಲು ಅನ್ನಬೇಕು. ದಾವಣಗೆರೆಯ ಬೇಸಿಗೆಯಲ್ಲಿ ಚರ್ಮದ ಜಾಕೆಟ್ ತೊಟ್ಟು, ಧಾರಾಕಾರ ಬೆವರುತ್ತ, ಎಂಜಿನ್ನೇ ಕೂರಿಸದ ವಿಮಾನದೊಳಗೆ ಕೂತು ಮೊಬೈಲಿನತ್ತ ಕೈ ಬೀಸುತ್ತಿದ್ದರು. ಬಾಲದ ಮೇಲೆ ತಮ್ಮ ಅಕ್ಕಿ ಬ್ರಾಂಡಿನ ಗಿಳಿಯ ಚಿತ್ರ ಎಷ್ಟು ದೊಡ್ಡದಿರಬೇಕು ಎಂಬುದೊಂದೇ ಅವರು ಗಂಭೀರವಾಗಿ ಯೋಚಿಸಿದ ತಾಂತ್ರಿಕ ವಿಷಯ.

ನನ್ನ ಸ್ಥಿತಿಯೇನೂ ಕೊಚ್ಚಿಕೊಳ್ಳುವಂತಿರಲಿಲ್ಲ. ನಾನು ಬಲ್ಲದ್ದು ಲೋಹದ ವಿಮಾನ. ಬಟ್ಟೆ ಹೊದಿಸಿ, ಉದ್ದದ ಸೂಜಿಯನ್ನು ರೆಕ್ಕೆಯ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹಾಯಿಸಿ, ಪ್ರತಿ ಹೊಲಿಗೆಗೂ ಒಂದು ಗಂಟು ಹಾಕಿ ಚೌಕಟ್ಟಿಗೆ ಬಿಗಿಯುವ ಕೆಲಸವನ್ನು ಪುಸ್ತಕ ನೋಡಿ ಕಲಿಯಬೇಕಾಯಿತು. ಒಂದು ಸಣ್ಣ ಚೌಕಟ್ಟಿನ ಮೇಲೆ ಹೊಲಿದು ನೋಡಿದೆ. ಮನಸ್ಸಿಗೆ ಬರಲಿಲ್ಲ. ದಾರಕ್ಕೆ ಜೇನುಮೇಣ ಹೇಗೆ ಉಜ್ಜಬೇಕೆಂದು ಕೇಳೋಣವೆಂದು ಅತ್ತೆಯ ಬಳಿ ತೆಗೆದುಕೊಂಡು ಹೋದೆ.

ಅವಳು ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ತುಟಿ ಇನ್ನಷ್ಟು ಎಡಕ್ಕೆ ಹೋಯಿತು. "ಇದು ಹೊಲಿಗೆನಾ? ನಾಯಿ ಕಚ್ಚಿದ ಗಾಯಕ್ಕೆ ಹಾಕಿದಂಗೈತೆ. ಇದರ ಮ್ಯಾಲೆ ಮನುಷ್ಯಾರು ಕೂಡ್ತಾರೇನಲೇ?" ಎಂದವಳೇ ಕತ್ತರಿ ತೆಗೆದು ಅಷ್ಟನ್ನೂ ಬಿಚ್ಚಿ ಹಾಕಿದಳು. ಆಮೇಲೆ ಹೇಳದೆ ಕೇಳದೆ ತಾನೇ ಒಂದು ಸಾಲು ಹೊಲಿದಳು. ಆ ಸಾಲು ನೋಡಿ ನನಗೆ ಸಿಟ್ಟು ಬಂತು, ಅಷ್ಟು ನೆಟ್ಟಗಿತ್ತು.

ಹೀಗೆ ಅತ್ತೆ ಹರಿಹರದ ಬಸ್ಸು ಹತ್ತತೊಡಗಿದಳು. ಸಾಹುಕಾರರು ಕಾರು ಕಳಿಸುತ್ತೇನೆ ಎಂದರೆ, "ಆ ಕಾರಿನ ಸೀಟಿನ ಕವರ್ ನೋಡಿದ್ರೆ ನನಗೆ ವಾಂತಿ ಬರ್ತೈತೆ, ಬ್ಯಾಡ್ರಿ" ಎಂದು ಅವರ ಮುಖಕ್ಕೇ ಹೇಳಿದಳು. ಅವರ ಬೆನ್ನ ಹಿಂದೆ ಹೇಳಿದ್ದು ಇನ್ನೂ ಚೆನ್ನಾಗಿತ್ತು: "ಅಕ್ಕಿಯೊಳಗಿನ ಕಲ್ಲು ಆರಿಸಕ್ಕೆ ಬರಲ್ಲ, ವಿಮಾನ ಹಾರಿಸ್ತಾನಂತೆ."

ಪುಸ್ತಕದಲ್ಲಿದ್ದ ಗಂಟನ್ನು ತೋರಿಸಿದಾಗ ಅದನ್ನೂ ಹೀಯಾಳಿಸಿದಳು. "ಇದನ್ನ ಬರೆದೋನು ಎಂದಾದ್ರೂ ಸೂಜಿ ಹಿಡಿದಿದ್ನಾ?" ಎಂದು ತನ್ನದೇ ಗಂಟು ಹಾಕಿದಳು. ನಾನು ತೂಕದ ಕೊಕ್ಕೆ ಸಿಕ್ಕಿಸಿ ಎಳೆದೆ. ಅವಳ ಗಂಟು ಜಾರಿತು. ಕೌದಿಗೆ ಸಾಕಾಗುವ ಗಂಟು ರೆಕ್ಕೆಗೆ ಸಾಲದು. ಅವಳು ಸೂಜಿ ಎತ್ತಿಟ್ಟು ಅಂದು ಬೇಗ ಮನೆಗೆ ಹೋದಳು. ಮರುದಿನ ಬಂದು ಪುಸ್ತಕದ ಗಂಟನ್ನೇ ಸರಸರ ಹಾಕುತ್ತ, "ಇದು ನಮ್ಮವ್ವ ಹಾಕ್ತಿದ್ದ ಗಂಟು. ನಿನಗೇನು ಗೊತ್ತು?" ಎಂದಳು. ಅಪ್ಪಟ ಸುಳ್ಳು.

ನಾಲ್ಕೂ ರೆಕ್ಕೆಗಳ ಹೊಲಿಗೆ ಮುಗಿಯಿತು. ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ, ಬಟ್ಟೆಯನ್ನು ಬಿಗಿಗೊಳಿಸುವ ದ್ರಾವಣ ಬಳಿದದ್ದಾಯಿತು. ಬೆರಳಿನಿಂದ ತಟ್ಟಿದರೆ ತಮಟೆಯಂತೆ ನುಡಿಯುತ್ತಿತ್ತು. ಸಾಹುಕಾರರು ಪತ್ರಿಕೆಯವರನ್ನು ಕರೆಸಿ, ರೆಕ್ಕೆಯ ಪಕ್ಕದಲ್ಲಿ ತಾವೇ ಹೊಲಿದವರಂತೆ ಸೂಜಿ ಹಿಡಿದು ಫೋಟೋ ತೆಗೆಸಿಕೊಂಡರು. ಸೂಜಿ ತಲೆಕೆಳಗಾಗಿತ್ತು.

ಹಾರಾಟಕ್ಕೆ ಅನುಮತಿ ಕೊಡುವ ಮುನ್ನ ಪರೀಕ್ಷಕರು ಬಂದರು. ತಟ್ಟಿದರು, ಬಗ್ಗಿ ನೋಡಿದರು, ತಲೆಯಾಡಿಸಿದರು. ಆಮೇಲೆ ಕೆಳಗಿನ ಎಡ ರೆಕ್ಕೆಯ ಬಳಿ ಕುಕ್ಕರುಗಾಲಿನಲ್ಲಿ ಕೂತವರು ಏಳಲೇ ಇಲ್ಲ. ಬಗ್ಗಿ ನೋಡಿದೆ. ನೆಲದಿಂದ ಚಕ್ರಕ್ಕೆ, ಚಕ್ರದಿಂದ ರೆಕ್ಕೆಗೆ ಕೆಂಪಿರುವೆಗಳ ಸಾಲು ಹತ್ತಿತ್ತು. ನೀರು ಬಸಿಯಲೆಂದು ರೆಕ್ಕೆಯ ಅಡಿ ಬಿಟ್ಟ ತೂತಿನೊಳಗೆ ಒಂದೊಂದಾಗಿ ಹೋಗುತ್ತಿದ್ದವು, ಹೊರಗೆ ಬರುತ್ತಿದ್ದವು. ಬರುವವುಗಳ ಬಾಯಲ್ಲಿ ಏನೋ ಇತ್ತು.

ಅದೇನೆಂದು ನನಗೆ ಕೂಡಲೇ ಹೊಳೆಯಿತು. ನಾನು ಕೌದಿಯ ಮನೆಯಲ್ಲಿ ಬೆಳೆದವನು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಡುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬ ನಂಬಿಕೆ. ಅವಳು ಅದನ್ನು ಇಲ್ಲೂ ಮಾಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅವಳನ್ನು ಶೆಡ್ಡಿಗೆ ಕರೆತಂದೆ. "ಅತ್ತೆ, ರೆಕ್ಕೆಯೊಳಗೆ ರೊಟ್ಟಿ ಇಟ್ಟಿದ್ದೀಯಾ?" ಎಂದು ಕೇಳಿದೆ.

"ಇಡದೆ? ಹಸಿದ ರೆಕ್ಕೆ ಮ್ಯಾಲೆ ಯಾವನು ಹಾರ್ತಾನೆ?"

"ಇದೊಂದರಲ್ಲೇನಾ?"

"ಒಂದಕ್ಕೆ ಉಣಿಸಿ ಮೂರನ್ನ ಉಪವಾಸ ಕೆಡವಕ್ಕಾಗ್ತೈತಾ? ನಾಲ್ಕಕ್ಕೂ ಇಟ್ಟೀನಿ."

ಕಾರು ಕಳಿಸುತ್ತೇನೆ ಎಂದಿದ್ದ ಸಾಹುಕಾರರೇ ಈಗ ಹಣೆ ಚಚ್ಚಿಕೊಂಡರು. "ಅದಕ್ಕೇ ಹೇಳಿದ್ದು, ಕೌದಿ ಹೊಲಿಯೋರನ್ನ ಕರೀಬ್ಯಾಡ್ರಿ ಅಂತ. ಔಷಧಿ ಹೊಡೆದು ಇರುವೆ ಓಡಿಸ್ರಿ, ತೂತಿನ ಮ್ಯಾಲೆ ಗಿಳಿ ಅಂಟಿಸ್ರಿ. ಹಾರಾಟ ನೋಡಕ್ಕೆ ಬರ್ರಿ ಅಂತ ಮಂತ್ರಿಗಳಿಗೆ ಹೇಳಾಗೈತೆ" ಎಂದರು. ಪರೀಕ್ಷಕರು ಅವರ ಕಡೆ ನೋಡಲೂ ಇಲ್ಲ. ಪ್ರತಿ ರೆಕ್ಕೆಯ ತುದಿಯ ಹೊಲಿಗೆಯನ್ನು ಕೈ ಮತ್ತು ಬೆಳಕು ಎರಡೂ ಒಳಗೆ ಹೋಗುವಷ್ಟು ಬಿಚ್ಚಬೇಕು, ಒಂದು ಚೂರೂ ಉಳಿಯಬಾರದು ಎಂದು ಹೇಳಿ ಹೊರಟುಹೋದರು.

ನಾನು ಅತ್ತೆಗೆ ವಿವರಿಸಿದೆ. ಕೆಳಗಿನ ರೆಕ್ಕೆಗಳೊಳಗೆ ತಂತಿ ಓಡುತ್ತದೆ, ತಂತಿ ಸಣ್ಣ ಗಾಲಿಯ ಮೇಲೆ ತಿರುಗುತ್ತದೆ. ಒಣಗಿ ಕಲ್ಲಾದ ರೊಟ್ಟಿ ಚೂರು ಆ ಗಾಲಿಗೆ ಸಿಕ್ಕಿದರೆ, ಒಂದು ಕಡೆ ವಾಲಿದ ವಿಮಾನ ಮತ್ತೆ ನೆಟ್ಟಗಾಗುವುದಿಲ್ಲ. ಒಳಗೆ ಕೂತ ಪೈಲಟ್ ಉಳಿಯುವುದಿಲ್ಲ. ಪೈಲಟ್ ಅಲ್ಲೇ ನಿಂತಿದ್ದರು. ಕೂದಲು ಬೆಳ್ಳಗಾದ, ಮಾತು ಕಡಿಮೆಯ ನಿವೃತ್ತ ಅಧಿಕಾರಿ. ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ಹೊತ್ತು ಮಾತ್ರ ಅವಳ ತುಟಿ ನೆಟ್ಟಗಿತ್ತು.

"ಒಳಗೆ ಗಾಲಿ ತಿರುಗ್ತಾವಂತ ನನಗ್ಯಾಕ ಹೇಳಲಿಲ್ಲ?" ಎಂದಳು ನನಗೆ.

"ನೀನು ರೊಟ್ಟಿ ಇಡ್ತೀನಿ ಅಂತ ನನಗೆ ಹೇಳಿದ್ಯಾ?"

ನಾನು ಬಿಚ್ಚುತ್ತೇನೆ ಎಂದು ಕತ್ತರಿ ಎತ್ತಿಕೊಂಡರೆ ಕಿತ್ತುಕೊಂಡಳು. "ನನ್ನ ಹೊಲಿಗೆಗೆ ಬ್ಯಾರೆಯವರು ಕೈ ಹಚ್ಚಬ್ಯಾಡ್ರಿ."

ನಾನು ಪಟ್ಟಿಗಳನ್ನು ನೆನೆಸಿ ಕಿತ್ತುಕೊಟ್ಟೆ. ಅವಳು ಬಿಚ್ಚಿದಳು. ಜೀವಮಾನದಲ್ಲಿ ಮೊದಲ ಸಲ ತನ್ನ ಹೊಲಿಗೆ ತಾನೇ ಬಿಚ್ಚುತ್ತಿದ್ದಳು. ಆದರೆ ಬಾಯಿ ಎಂದಿನಂತೆಯೇ ಇತ್ತು. ಊರ ಹೆಂಗಸರನ್ನೆಲ್ಲ ಬೈದ ಧಾಟಿಯಲ್ಲೇ, ಯಾರೋ ಮೂರನೆಯವಳನ್ನು ಬೈಯುವಂತೆ ಬೈಯುತ್ತಿದ್ದಳು: "ಯಾವ ಮೂಳಿ ಹೊಲಿದ್ಲೋ ಇದನ್ನ! ತಲೆಯೊಳಗೆ ಮಣ್ಣು ಇತ್ತಾ ಅವಳಿಗೆ? ಕಣ್ಣು ಹೋಗಿದ್ವಾ?" ಒಂದು ಗಂಟು ಎಷ್ಟು ಮಾಡಿದರೂ ಬಿಡದಿದ್ದಾಗ, "ಬಿಗಿ ಮಾತ್ರ ಭೇಷಾಗಿ ಮಾಡಿದಾಳೆ, ಹಾಳಾದೋಳು" ಎಂದೂ ಅಂದಳು. ನನಗೆ ನಗು ಬಂತು. ಅವಳನ್ನು ಅಷ್ಟು ವರ್ಷ ಮನಸ್ಸಿನಲ್ಲೇ ಶಪಿಸಿದ್ದೆ. ಅಂದು ಮೊದಲ ಬಾರಿಗೆ ಅವಳ ಮೇಲೆ ಪ್ರೀತಿ ಉಕ್ಕಿತು.

ನಾಲ್ಕೂ ರೆಕ್ಕೆಗಳೊಳಗೆ ಕೈ ಹಾಕಿ, ಬ್ಯಾಟರಿ ಬೆಳಕು ಬಿಟ್ಟು, ಕೊನೆಯ ಪುಡಿಯವರೆಗೂ ತೆಗೆದೆವು. ಪರೀಕ್ಷಕರು ಮತ್ತೆ ಬಂದು ಒಳಗೆಲ್ಲ ನೋಡಿ, ಮುಚ್ಚಿ ಎಂದರು. ಅತ್ತೆ ಮುಚ್ಚುತ್ತ ಬಂದಳು. ಕೊನೆಯ ರೆಕ್ಕೆಯ ಕೊನೆಯ ಮೂಲೆಗೆ ಬಂದಾಗ ಅವಳ ಕೈ ನಿಂತಿತು. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಒಳಗೆ ಹೊಸದಾಗಿ ಸುಟ್ಟ ರೊಟ್ಟಿಯ ನಾಲ್ಕು ಚೂರು, ನಾಲ್ಕು ಹರಳು ಬೆಲ್ಲ. ನಾನು ಗಾಬರಿಯಿಂದ "ಅತ್ತೇ!" ಎಂದೆ.

"ಬಾಯಿ ಮುಚ್ಚಲೇ" ಎಂದು ಪೈಲಟ್ ಕಡೆ ತಿರುಗಿದಳು. "ಬರ್ರಿ ಇಲ್ಲಿ. ಇದನ್ನ ಹತ್ತೋರು ನೀವೇನಾ?"

"ಹೌದಮ್ಮ."

"ಹಂಗಾದ್ರೆ ತಿನ್ರಿ. ರೆಕ್ಕೆಗೆ ಇಡಬಾರ್ದಂತೆ. ರೆಕ್ಕೆ ಉಪವಾಸ ಇದ್ರೆ ಇರ್ಲಿ, ನೀವು ಹಸಿದು ಹತ್ತಬ್ಯಾಡ್ರಿ."

ಅವರು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಎರಡೂ ಕೈ ಒಡ್ಡಿ ಇಸಿದುಕೊಂಡು ತಿಂದರು. ಒಂದು ಚೂರು ತಿಂದು ಸಾಕೆಂದರೆ ಅವಳು ಬಿಡಲಿಲ್ಲ. ರೆಕ್ಕೆ ನಾಲ್ಕಿವೆ ಎಂದಳು. ಅವರ ಬಾಯಿ ಖಾಲಿಯಾದ ಮೇಲೆಯೇ ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.

ಪಕ್ಕದ ಜಿಲ್ಲೆಯ ಖಾಸಗಿ ಏರ್‌ಸ್ಟ್ರಿಪ್ ಒಂದರಿಂದ ವಿಮಾನ ಹಾರಿತು. ಸಾಹುಕಾರರು ಮಂತ್ರಿಗಳ ಪಕ್ಕದಲ್ಲಿ ಜಾಕೆಟ್ ತೊಟ್ಟು ಕೂತು, ನೆಲದಿಂದಲೇ ಕೈ ಬೀಸಿದರು. ಅತ್ತೆ ಬಿಸಿಲಿಗೆ ಸೆರಗು ಅಡ್ಡ ಹಿಡಿದು, ವಿಮಾನ ಎರಡು ಸುತ್ತು ಹಾಕಿ ಇಳಿಯುವ ತನಕ ಕಣ್ಣು ಕೀಳಲಿಲ್ಲ. ಇಳಿದ ಮೇಲೆ, "ಗಿಳಿ ಮಾತ್ರ ಕಾಗೆ ಇದ್ದಂಗೈತೆ" ಎಂದಳು. ತನ್ನ ಹೊಲಿಗೆಯ ಬಗ್ಗೆ ಏನೂ ಹೇಳಲಿಲ್ಲ. ಆಮೇಲೆ ಯಾರಿಗೂ ಆ ಹಳೆಯ ಜಂಬ ಕೊಚ್ಚಿದ್ದನ್ನೂ ನಾನು ಕೇಳಲಿಲ್ಲ.

ಮುಂದಿನ ಚಳಿಗಾಲದಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ. ಆಸ್ಪತ್ರೆಯ ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಡಿದು, ಮಾತಾಡುವ ಶಕ್ತಿ ಇಲ್ಲದೆ, ತುಟಿ ಮಾತ್ರ ಎಡಕ್ಕೆ ಸರಿಸಿದ್ದು ನಾನು ಕಂಡ ಕೊನೆಯ ನೋಟ. ಮಗಳು ಓಡಿಹೋಗಿ ಮನೆಯಿಂದ ಅವಳದೇ ಕೌದಿ ತಂದು ಹೊದಿಸಿದಳು.

ಈಗಲೂ ಪೈಲಟ್ ಸಾಹೇಬರು ರೊಟ್ಟಿ ಬೆಲ್ಲ ತಿನ್ನದೆ ವಿಮಾನ ಹತ್ತುವುದಿಲ್ಲ. ಮೊನ್ನೆ ಶೆಡ್ಡಿನಿಂದ ಹೊರಗೆ ತಳ್ಳುವಾಗ ಕಬ್ಬಿಣದ ಮೊಳೆಯೊಂದು ತಾಗಿ ಕೆಳಗಿನ ರೆಕ್ಕೆಯ ಬಟ್ಟೆ ಹರಿಯಿತು. ನಾನೇ ಕೂತು ಹೊಲಿದೆ. ಪರೀಕ್ಷಕರು ಬಂದು ಬೆರಳಾಡಿಸಿ ನೋಡಿ, "ತುಂಬಾ ಚೆನ್ನಾಗಿದೆ" ಎಂದು ಸಹಿಗೆ ಪೆನ್ನು ತೆಗೆದರು. ಹೊಗಳಿಕೆ ಕೇಳಿ ನನಗೆ ಒಂದು ಥರ ಅನಾಥನಾದಂತಾಯಿತು. ನಡುವಿನ ಎರಡು ಹೊಲಿಗೆ ಸೊಟ್ಟಗಿದ್ದವು. ಅವಳಾಗಿದ್ದರೆ ಬಾಗಿಲಿನಿಂದಲೇ ಕಂಡುಹಿಡಿಯುತ್ತಿದ್ದಳು.

"ಸ್ವಲ್ಪ ತಡೀರಿ ಸರ್" ಎಂದು ಕತ್ತರಿ ಎತ್ತಿಕೊಂಡೆ.

"ಯಾಕ್ರಿ, ಸರಿಯಾಗೇ ಇದೆಯಲ್ಲ?" ಎಂದು ಅವರು ಬೆರಗಾಗಿ ನೋಡುತ್ತಿದ್ದರು. ನಾನು ಇಡೀ ಸಾಲನ್ನು ಬಿಚ್ಚತೊಡಗಿದೆ.

"ಯಾವ ಮೂಳ ಹೊಲಿದ್ನೋ ಇದನ್ನ" ಎಂದೆ, ಅಷ್ಟು ದೊಡ್ಡ ಶೆಡ್ಡಿಗೆಲ್ಲ ಕೇಳಿಸುವ ಹಾಗೆ.