ಬಿಳಿಯಾದ ಹೆಸರು

ಮಸ್ಕಿಯ ಬಸ್ ಸ್ಟ್ಯಾಂಡಿನ ಹಿಂದೆ ಬಸವಣ್ಣೆಮ್ಮನ ರೊಟ್ಟಿ ಅಂಗಡಿ. ಒಲೆ ಮುಂದೆಯೇ ಇದೆ. ರೊಟ್ಟಿ ಬಡಿಯುವುದು ಕಂಡರೇ ಗಿರಾಕಿ ನಿಲ್ಲುವುದು. ಬಡಿಯುವವಳು ಮೌನೇಶ್ವರಿ. ಅವಳ ರೊಟ್ಟಿಯ ಅಂಚು ಎಲ್ಲೂ ಸೀಳುವುದಿಲ್ಲ.

ಬಳಗಾನೂರಿನ ದುರುಗೇಶನ ಜೊತೆ ಮದುವೆ ಗೊತ್ತಾದಾಗ ಮುಂಗೈ ಮೇಲೆ ಅವನ ಹೆಸರನ್ನು ಹಚ್ಚೆ ಹಾಕಿಸಿಕೊಂಡಿದ್ದಳು. ಅವಳ ಅವ್ವ, ಅಜ್ಜಿಯೂ ಗಂಡನ ಹೆಸರು ಹಾಕಿಸಿಕೊಂಡವರೇ. ಆದರೆ ಕೊರಳಿಗೆ ತಾಳಿ ಬಿದ್ದ ಮೇಲೆ. ಇವಳಿಗೆ ಅಷ್ಟು ತಡೆಯಲಾಗಲಿಲ್ಲ. ಕಾರಹುಣ್ಣಿಮೆ ಬರುವುದರೊಳಗೆ ಸಂಬಂಧ ಮುರಿಯಿತು. ಸೀರೆ, ಉಂಗುರ ವಾಪಸು ಹೋದವು. ಹೆಸರು ಕೈಮೇಲೆ ಉಳಿಯಿತು.

ಸಿಂಧನೂರಿನ ಚರ್ಮದ ದವಾಖಾನೆಯಲ್ಲಿ ಅದನ್ನು ಅಳಿಸಲು ಲೇಸರ್ ಹೊಡೆಸಿಕೊಂಡಳು. ಚರ್ಮದ ಬಣ್ಣವೂ ಏರುಪೇರಾಗಬಹುದು, ಬಿಸಿಲು, ಬೆಂಕಿಯಿಂದ ದೂರವಿರಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಒಲೆಯ ಮುಂದೆ ಕೂಡುವವಳು ಎಲ್ಲದಕ್ಕೂ ತಲೆಯಾಡಿಸಿ ಬಂದಳು. ಹಚ್ಚೆಯ ಹಸಿರು ಹೋಯಿತು. ಹಸಿರಿದ್ದಲ್ಲೆಲ್ಲ ಚರ್ಮ ಬೆಳ್ಳಗಾಯಿತು. ಕೊಂಬು, ದೀರ್ಘದ ಸಮೇತ ದುರುಗೇಶ ಈಗ ಬಿಳಿಯಲ್ಲಿದ್ದ. ಬಣ್ಣ ನಿಧಾನಕ್ಕೆ ಮರಳಬಹುದು, ಮರಳದೆಯೂ ಇರಬಹುದು ಎಂದ ಡಾಕ್ಟರು ಮುಲಾಮು ಕೊಟ್ಟರು.

ದೂರ ನಿಂತವರಿಗೆ ಅಕ್ಷರ ಕಾಣುತ್ತಿರಲಿಲ್ಲ, ಕಲೆ ಕಾಣುತ್ತಿತ್ತು. ತೊನ್ನು ಎಂಬ ಪಿಸುಮಾತು ಹಬ್ಬಿ, ಗಿರಾಕಿಗಳು ಎದುರಿನ ಅಂಗಡಿಗೆ ಹೋಗತೊಡಗಿದರು.

“ತೊನ್ನಾಗಿದ್ರೂ ಅಂಟಂಗಿಲ್ಲ, ನನಗ ಗೊತ್ತೈತಿ,” ಎಂದಳು ಬಸವಣ್ಣೆಮ್ಮ. “ಆದ್ರ ಮಂದಿ ಬಾಯಿ ಯಾರು ಮುಚ್ಚಬೇಕವ್ವ? ನಾಳಿಂದ ಕರೆಮ್ಮನ ಬದ್ಲಿ ನೀ ಒಳಗ ಜ್ವಾಳ ಹಸನ ಮಾಡು. ಒಲಿ ಮುಂದ ಕರೆಮ್ಮ ಕುಂದರ್ತಾಳ.”

“ಕರೆಮ್ಮ ಬಡದ್ರ ರೊಟ್ಟಿ ಬರಂಗಿಲ್ಲಕ್ಕಾ, ಇಂಡಿಯಾ ಮ್ಯಾಪ್ ಬರ್ತೈತಿ.”

ನಗಿಸಿದಳೇ ಹೊರತು ಮೌನೇಶ್ವರಿಗೆ ಗೊತ್ತಿತ್ತು: ಒಮ್ಮೆ ಒಳಗೆ ಹೋದವಳನ್ನು ಯಾರೂ ಮತ್ತೆ ಒಲೆಯ ಮುಂದೆ ಕರೆಯುವುದಿಲ್ಲ.

ಅಷ್ಟರಲ್ಲಿ ಲಿಂಗಸುಗೂರಿನ ಅಮರಗುಂಡಪ್ಪ, ಹಳೆಯ ಗಿರಾಕಿ, ಅವಳ ಕೈ ಕಂಡು ಚೀಲ ಮಡಚಿ ಹೊರಟ.

“ಯಜಮಾನ್ರ, ಇಲ್ಲಿ ಬರ್ರಿ. ಓದಾಕ ಬರ್ತೈತಲ್ಲ?” ಹಿಟ್ಟು ಒರೆಸಿ ಕೈ ಚಾಚಿದಳು.

ಅವನು ಕನ್ನಡಕ ಏರಿಸಿದ. “ದು... ರು... ಗೇ... ಶ.”

“ತೊನ್ನು ಅಕ್ಷರ ಬರೀತೈತೇನ್ರಿ? ಲೇಸರ್ ಹೊಡಿಸಿ ಹಚ್ಚೆ ತೆಗಿಸೀನಿ. ಚರ್ಮದ ಬಣ್ಣಾನೂ ಹೋಗೈತಿ, ಅಷ್ಟ.”

“ಹೌದಲ್ಲ! ಯಾರವ್ವ ಈ ದುರುಗೇಶ?”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು. ಅಳಿಸಲೆಂದು ಅಷ್ಟು ಉರಿ ತಿಂದ ಹೆಸರನ್ನು ಅವಳೇ ಸಂತೆಗಿಟ್ಟಂತಾಗಿತ್ತು.

“ನನ್ನ ಮದಿವಿ ಆಗದವ,” ಎಂದಳು. “ರೊಟ್ಟಿ ಎಷ್ಟ್ ಕಟ್ಲಿ?”

ಅಮರಗುಂಡಪ್ಪ ಚೀಲ ಬಿಚ್ಚಿದ. ಬಸವಣ್ಣೆಮ್ಮ ಜೋಳದ ಮೊರವನ್ನು ಕರೆಮ್ಮನ ಕಡೆಗೆ ಸರಿಸಿದಳು.