ಬಂದರಿಗೊಬ್ಬ ಬಂಧುವನ್ನು ಮಾಡಿಕೊಂಡ ಹನುಮಂತರಾಯನಿಗೆ

ನಂಬಲಾಗುತ್ತಿಲ್ಲ...
ಹನುಮ ಹೋದ ಸುದ್ದಿಯನ್ನಲ್ಲ. ಅದನ್ನು ಬೆಳಿಗ್ಗೆ ಫೋನಿನಲ್ಲಿ ಹೇಳಿದವಳು ಅವನ ಹೆಂಡತಿ ನಸೀಮಾ. ನಂಬಲೇಬೇಕು.
ನಂಬಲಾಗದೆ ಕೂತಿರುವುದು ನಮ್ಮ ಬ್ಯಾಚಿನ ಗೆಳೆಯರ ಕಾಮೆಂಟುಗಳನ್ನು ಓದಿ...

ಪರಿಚಯವಿಲ್ಲದವರಿಗೆ ಹೇಳುತ್ತೇನೆ.
ಹನುಮಂತರಾಯ ಕೊಳಾಲದವನು. ಮಧುಗಿರಿ ಕಾಲೇಜಿನಲ್ಲಿ ನನ್ನ ಬೆಂಚು.
ನಸೀಮಾ ಶಿರಾದವಳು. ಅದೇ ಕ್ಲಾಸು, ಮುಂದಿನ ಬೆಂಚು.
ಹೆಸರೇ ಹನುಮಂತರಾಯ, ಸಮುದ್ರ ದಾಟದೆ ಬಿಡುತ್ತಾನಾ ಎಂದು ರೇಗಿಸುತ್ತಿದ್ದೆವು. ದಾಟಿಯೇಬಿಟ್ಟ.
ಹಡಗಿನ ಎಂಜಿನ್ ರೂಮಿನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ, ಐವತ್ತು ದಾಟಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಕೊಂಡ.
ಗಂಡ ಹೆಂಡತಿ ಇಬ್ಬರೇ... ಫಿಜಿ ಕಡೆಯ ಪುಟ್ಟ ಪುಟ್ಟ ದ್ವೀಪಗಳು.
ಹಾಯಿದೋಣಿಯಲ್ಲಿ ಹೋಗುವುದು, ಊರೂರಿಗೆ ಹಾಯ್ ಹೇಳುವುದು. ಇಷ್ಟೇ ಕೆಲಸ.

ಇವತ್ತು ಅಂಥದೊಂದು ದ್ವೀಪದ ಮರಳಿನ ಮೇಲೆ ಹರಿದ ಹಾಯಿ ಹೊಲಿಯುತ್ತ ಕೂತಿದ್ದವನು ಹಾಗೇ ಒರಗಿದನಂತೆ. ಹಾರ್ಟು.
ತೀರ ಸೇರಿದವನು ತೀರಿಕೊಂಡ...
ಅವನಿದ್ದಿದ್ದರೆ ಈ ಜೋಕಿಗೆ ಒದೆಯುತ್ತಿದ್ದ.

ಈಗ ನಿಮ್ಮ ವಿಷಯ, ಬ್ಯಾಚ್‌ಮೇಟ್ ಮಹಾಶಯರೇ.
ಸುದ್ದಿ ಬಂದು ಅರ್ಧ ದಿನವೂ ಆಗಿಲ್ಲ, ಗ್ರೂಪಿನಲ್ಲಿ ಕಾರ್ಡು ರೆಡಿ. "ಮಧುಗಿರಿಯ ಹೆಮ್ಮೆ."
ಅವನದು ಕೊರಟಗೆರೆ ತಾಲ್ಲೂಕು. ಅಷ್ಟೂ ಗೊತ್ತಿಲ್ಲ.
ಕಾರ್ಡಿನ ಫೋಟೋ ನನಗೆ ಗೊತ್ತು. ಇಬ್ಬರೂ ದೋಣಿಯ ಮೇಲೆ ನಿಂತದ್ದು.
ನಸೀಮಾಳನ್ನು ಕತ್ತರಿಸಿ ತೆಗೆದಿದ್ದೀರಿ. ಅವನ ಭುಜದ ಮೇಲೆ ಬಳೆ ಹಾಕಿದ ಕೈಯೊಂದು ಮಾತ್ರ ಉಳಿದುಬಿಟ್ಟಿದೆ, ಯಾರದೋ ಅನ್ನುವಂತೆ.
ಅಡಿಯಲ್ಲಿ "ರಿಪ್".
ಹೌದು, ರಿಪ್ಪೇ. ಹರಿದಿದ್ದೀರಲ್ಲ...
ಸರ್ಕಲ್ಲಿನಲ್ಲಿ ಫ್ಲೆಕ್ಸ್ ಬೇರೆ ಕಟ್ಟಿಸುತ್ತೀರಂತೆ. ಕಟ್ಟಿಸಿ. ಅದರಲ್ಲಿ ನಿಮ್ಮ ಮುಖ ದೊಡ್ಡದಾಗಿಯೇ ಬರಲಿ, ನೀವು ಯಾರೆಂದು ಊರಿಗೂ ತಿಳಿಯಲಿ.

ಲೇ ಹನುಮ...
ನಿನ್ನ ಮೇಲೂ ಸಿಟ್ಟಿದೆ ಕಣೋ.
ತುಮಕೂರು ಜಿಲ್ಲೆಯಲ್ಲಿ ಹುಟ್ಟಿ, ಯಾರೋ ಎಳನೀರು ಕೊಟ್ಟರು ಅಂತ ಅಷ್ಟುದ್ದ ವೀಡಿಯೊ ಹಾಕುತ್ತಿದ್ದೆಯಲ್ಲ... ನಾವೇನು ತೆಂಗಿನಮರ ನೋಡದವರಾ?
ಬಾವಿಯಲ್ಲಿ ಈಜು ಕಲಿತವನು ನೀನು. ಸಮುದ್ರದಲ್ಲೂ ಬಾವಿಯ ಅಳತೆಗೇ ಗಿರಗಿರ ಸುತ್ತುತ್ತೀಯ ಅಂತ ನಸೀಮಾ ನಗುತ್ತಿದ್ದಳು.
ಮೊನ್ನೆ ಮೊನ್ನೆ ಆ ದ್ವೀಪದ ಊರ ಹಿರಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನಗೆ ವೀಡಿಯೊ ಕಾಲ್ ಮಾಡಿದ್ದೆ. ಬಿಳಿ ಗುಂಗುರು ತಲೆ, ಇಷ್ಟಗಲ ನಗು.
"ಊಟ ಆಯ್ತಾ ಸಾ?" ಅಂದ ಆತ.
"ಇದೇನ್ಲಾ ಇದು?" ಅಂದೆ ನಾನು.
"ನಾನೇ ಕಲ್ಸಿದ್ದು, ಈವಯ್ಯ ಈಗ ನಮ್ಮೋನು. ಇಲ್ಲಿ ಪದ್ಧತಿ ಹಂಗೆ ಕಣ್ಲಾ. ಲಂಗರು ಹಾಕಿದ್ ಮ್ಯಾಲೆ ಮೊದ್ಲು ಹಿರೀಕನ ಮನೆಗೋಗ್ಬೇಕು. ಇವ್ರು ಅರೆದು ಕುಡಿಯೋ ಬೇರು ಒಂದ್ ಕಟ್ಟು ಮುಂದಿಕ್ಕಿ ಚಾಪೆ ಮ್ಯಾಲೆ ಕುಂತ್ಕಬೇಕು. ಆವಯ್ಯ ಚಪ್ಪಾಳೆ ತಟ್ಟಿ ಬೇರು ತಗಂಡ್ನಾ, ಮುಗೀತು. ಅವತ್ನಿಂದ ನಾವು ಆ ಊರೋರು. ಮೀನೂ ನಮ್ದೇ, ಜಗಳಾನೂ ನಮ್ದೇ."
"ನಸೀಮಾನೂ ಕುಂತಿದ್ಳಾ?"
"ಅವಳ್ನೇ ಮೊದ್ಲು ಕುಂಡ್ರುಸಿದ್ದು."
ಆಮೇಲೆ ನಾನು ನಗಲಿಲ್ಲ. ನೀನೂ ನಗಲಿಲ್ಲ...

ಯಾಕೆಂದರೆ ನಿನ್ನ ತಾಯಿ ತೀರಿಕೊಂಡ ದಿನ ಇಬ್ಬರಿಗೂ ನೆನಪಾಗಿತ್ತು.
ಕೊಳಾಲದ ಮನೆಯಲ್ಲಿ ನಿನ್ನ ಅಣ್ಣ ಗಂಗಣ್ಣ ನಸೀಮಾಳಿಗೆ ಹೊಸಿಲು ದಾಟಲು ಬಿಡಲಿಲ್ಲ. ಬೇಲಿಯ ಪಕ್ಕ, ಬಿಸಿಲಲ್ಲಿ, ದುಪಟ್ಟಾ ತಲೆಗೆ ಹೊದ್ದು ನಿಂತಿದ್ದಳು.
ನೀನು ಒಳಗೆ ಹೋಗಿ ತಾಯಿಯ ಕಾಲು ಮುಟ್ಟಿ ಬಂದು ಅವಳ ಪಕ್ಕ ನಿಂತೆ. ಮತ್ತೆ ಆ ಮನೆಗೆ ಹೋಗಲಿಲ್ಲ.

ಇವತ್ತು ನಸೀಮಾ ನನ್ನನ್ನು ಕೇಳಿದ್ದು ಒಂದೇ ಮಾತು.
"ಊರಿಗೆ ತರ್ಲಾ, ಇಲ್ಲೇ ಮಣ್ಣು ಮಾಡ್ಲಾ ಮೂರ್ತಿ? ಅವ್ರಮ್ಮನ ಪಕ್ಕ ಇರ್ಬೇಕು ಅಂತ ಆಸೆ ಇತ್ತು ಅವ್ನಿಗೆ. ದೋಣಿ, ಪ್ಲೇನು ಎಲ್ಲಾ ವಿಚಾರಿಸ್ಕೊಂಡಿದೀನಿ, ತರ್ಬೋದು. ಆದ್ರೆ ಮಣ್ಣಾಗೋವಾಗ ನಾನು ಪಕ್ಕದಲ್ಲಿ ನಿಂತ್ಕಬೇಕು. ಬುಡ್ತಾರಾ... ಕೇಳ್ತೀಯಾ?"

ಗಂಗಣ್ಣನಿಗೆ ಫೋನ್ ಮಾಡಿದೆ.
"ಬಾಡಿ ಬರ್ಲಿ. ತಮ್ಮ ಅವ್ನು, ನಮ್ ಹೊಲ್ದಾಗೇ ಮಣ್ಣಾಗ್ಬೇಕು. ಜನ ಸೇರ್ತಾರೆ, ಪೇಪರ್‌ನೋರೂ ಬತ್ತಾರಂತೆ."
"ನಸೀಮಾ?"
"ಆಯಮ್ಮ ಯಾಕೆ?"
"ಹೆಂಡ್ತಿ ಗಂಗಣ್ಣ."
"ಶಿರಾದಾಗೇ ಇಳ್ಕಳ್ಳಿ. ಊರೊಳಿಕ್ಕೆ ಬ್ಯಾಡ. ನಿಮ್ ಫ್ರೆಂಡ್ಸೇ ಫೋನ್ ಮಾಡಿ ಅಂದ್ರಲ್ಲಪ್ಪ, ಅದೇ ಸರಿ ಅಂತ."

ಅಂದವರು ಯಾರು?
ಕೈಮುಗಿದ ಎಮೋಜಿ ಒತ್ತಿದ ಬೆರಳೇ ಗಂಗಣ್ಣನ ನಂಬರನ್ನೂ ಒತ್ತಿತೇ?
ಕಾಮೆಂಟಿನಲ್ಲಿ ಸಂಸ್ಕಾರ, ಸಂಸ್ಕಾರ ಎಂದು ಬರೆದಿದ್ದೀರಿ... ಹೆಂಡತಿಯನ್ನು ಹೊರಗೆ ನಿಲ್ಲಿಸಿ ಗಂಡನಿಗೆ ಮಣ್ಣು ಹಾಕುವುದಕ್ಕೆ ನನ್ನ ನಿಘಂಟಿನಲ್ಲಿ ಬೇರೆ ಪದವಿದೆ. ಬರೆದರೆ ಫೇಸ್‌ಬುಕ್ಕಿನವರು ಅಳಿಸುತ್ತಾರೆ.
ಬಂದರುಗಳಲ್ಲೆಲ್ಲ ಬಂಧುಗಳಿದ್ದವನಿಗೆ ಸ್ವಂತ ಊರಿನಲ್ಲಿ ಸಿಕ್ಕವರು ನೀವು.

ಗಂಗಣ್ಣ ಹೇಳಿದ್ದನ್ನು ಇದ್ದಹಾಗೆಯೇ ನಸೀಮಾಗೆ ಹೇಳಿದೆ. ಮೆತ್ತಗೆ ಮಾಡಿ ಹೇಳಲು ಅದರಲ್ಲಿ ಏನೂ ಇರಲಿಲ್ಲ.
ಅವಳ ಹಿಂದೆ ಅಲೆಯ ಸದ್ದು... ಯಾರೋ ಹೆಂಗಸರ ದನಿ.
"ಸರಿ ಬುಡು," ಅಂದಳು. "ಅವ್ರಮ್ಮ ಬೇಜಾರು ಮಾಡ್ಕಳಲ್ಲ. ಇಲ್ಲಿ ಹಿರೀಕರು ಬೆಳಿಗ್ಗೆಯಿಂದ ನನ್ ಜೊತೇಲೇ ಕುಂತವ್ರೆ. ಅವ್ರ ಮನೆಯವ್ರನ್ನ ಮಣ್ಣು ಮಾಡಿರೋ ಕಡೆನೇ ಜಾಗ ತೋರ್ಸಿದ್ರು. ಪಕ್ಕದಲ್ಲಿ ಇನ್ನೊಂದು ಬುಟ್ಟವ್ರೆ."
"ಯಾಕೆ?"
"ನಂಗೆ ಕಣೋ."

ಈ ಹೊತ್ತಿಗೆ ಅಲ್ಲಿ ಮಣ್ಣಾಗಿದೆ. ಅವಳು ಪಕ್ಕದಲ್ಲಿ ನಿಂತಿದ್ದಾಳೆ.

ಹೋಗಿ ಬಾ ಹನುಮ...
ಬೇಡ, ಬರಬೇಡ. ಅಲ್ಲೇ ಇರು.
ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ.
ಇವರದಕ್ಕೆ... ಸದ್ಯಕ್ಕೆ ಬೇಡ.