ಹೆಂಗಸರ ಡಬ್ಬಿಯ ಮೇಲೆ ಅಪ್ಪನ ಅಕ್ಷರ

ಬೀದರ ಸ್ಟೇಷನ್ ಅಂಗಳದಲ್ಲಿ ಹೆಂಗಸರ ಹಳೆಯ ರೈಲು ಡಬ್ಬಿಯೊಂದನ್ನು ಜನ ನೋಡಲೆಂದು ತಂದು ನಿಲ್ಲಿಸಿದ್ದಾರೆ, ಅದಕ್ಕೀಗ ಹೊಸ ಬಣ್ಣ ಹಚ್ಚುತ್ತಿದ್ದಾರೆ ಎಂದು ಕೇಳಿದ್ದೇ ತಡ, ಮೈಲೂರಿನಿಂದ ಆಟೋ ಹತ್ತಿದೆ. ಮೊಣಕಾಲು ನೋವು ನೆನಪಾದದ್ದು ಇಳಿದ ಮೇಲೆಯೇ. ಬಾಗಿಲ ಪಕ್ಕದಲ್ಲಿ ‘ಹೆಂಗಸರಿಗೆ’ ಎಂಬ ಬರಹ ಇನ್ನೂ ಇತ್ತು. ಬರೆದವನು ನನ್ನ ಅಪ್ಪ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಪ್ಪ ರೈಲಿಗೆ ಬಣ್ಣ ಬಳಿಯುವ ಪೇಂಟರ್. ಮನೆಯಲ್ಲಿ ಆಡುವುದು ಕನ್ನಡವಾದರೂ, ಹಿಂದಿನ ಆಳ್ವಿಕೆಯ ಸಾಲೆಗಳಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ; ಅವನು ಕಲಿತದ್ದು ಉರ್ದು. ಕನ್ನಡದ ಒಂದಕ್ಷರವೂ ಬರೆಯಲು ಬರುತ್ತಿರಲಿಲ್ಲ. ಇನ್ನು ಡಬ್ಬಿಯ ಮೇಲೆ ಕನ್ನಡವೂ ಇರಬೇಕೆಂದು ಹುಕುಂ ಬಂತು. ಭಾಲ್ಕಿಯ ತವರಿನಲ್ಲಿ ಕದ್ದುಮುಚ್ಚಿ ಕನ್ನಡ ಕಲಿತಿದ್ದ ಅವ್ವ ಅಪ್ಪನಿಗೆ ಐದು ಅಕ್ಷರ ತಿದ್ದಿಸಿದಳು. ಹೆಂಡತಿ ಗಂಡನಿಗೆ ಕಲಿಸುತ್ತಾಳೆಂದು ಓಣಿಯೆಲ್ಲ ನಕ್ಕಿತು.

ಅಕ್ಷರ ಕಲಿತರೂ ಕೈಯ ರೂಢಿ ಬಿಡಲಿಲ್ಲ. ಉರ್ದು ಬರೆದ ಹಾಗೆ ಬಲತುದಿಯಿಂದ ಶುರುಮಾಡಿ, ಕೊನೆಯ ‘ಗೆ’ಯನ್ನೇ ಮೊದಲು ದೊಡ್ಡದಾಗಿ ಬರೆದ. ಎಡಕ್ಕೆ ಬರುವಷ್ಟರಲ್ಲಿ ಜಾಗ ಮುಗಿದು, ಅಕ್ಷರಗಳು ಒಂದರ ಮೇಲೊಂದು ಏರಿ, ‘ಹೆಂ’ ಬಾಗಿಲ ಚೌಕಟ್ಟಿಗೆ ಒತ್ತಿಕೊಂಡಿತು. ಮನೆಗೆ ಬಂದವನು ಊಟಕ್ಕೂ ಕೂಡಲಿಲ್ಲ.

“ನಾಳಿ ಕೆರದು ತಗೀತೇನಿ,” ಎಂದ.

“ಯಾಕ್ರಿ? ಆ ಡಬ್ಬಿದಾಗ ನಾವು ಹೆಂಗಸರು ಹ್ಯಾಂಗ ಕೂಡ್ತೇವಿ? ಒತ್ತಿಕೊಂಡೇ ಅಲ್ರಿ? ಅಕ್ಷರನೂ ಹಂಗ ಕುಂತಾವ, ಇರ್ಲಿ ಬಿಡ್ರಿ,” ಎಂದಳು ಅವ್ವ.

ಅಪ್ಪ ನಕ್ಕು ತಾಟಿನ ಮುಂದೆ ಕೂತ. ಆಮೇಲೆ ಅದೇ ಡಬ್ಬಿಯಲ್ಲಿ ಭಾಲ್ಕಿಗೆ ಹೋಗುವಾಗಲೆಲ್ಲ, ಅದು ನಮ್ಮಪ್ಪ ಬರೆದದ್ದು ಎಂದು ಪಕ್ಕ ಕೂತವರ ತಲೆ ತಿನ್ನುತ್ತಿದ್ದೆ.

ಈಗ ಸ್ಟೇಷನ್ ಅಂಗಳದಲ್ಲಿ ಆ ಬರಹವನ್ನೇ ನೋಡುತ್ತ ನಿಂತಿದ್ದೆ. “ಇದು ಸೊಟ್ಟ ಅದರಿ ಅವ್ವಾರ. ಅಳಿಸಿ ಚಂದಾಗಿ ಬರಸ್ತೇವಿ,” ಎಂದರು ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ರೈಲ್ವೆ ಸಾಹೇಬರು.

ಸಿಟ್ಟು ನೆತ್ತಿಗೇರಿತು. “ಚಂದಂದು ನಿಮ್ಮ ಮನಿ ಗ್ವಾಡಿ ಮ್ಯಾಲ ಬರಸ್ರಿ. ಇದು ನಮ್ಮಪ್ಪ ಬಲಗಡಿಯಿಂದ ಬರದದ್ದು!”

ಕನ್ನಡವನ್ನು ಬಲಗಡೆಯಿಂದ ಯಾರು ಬರೆಯುತ್ತಾರೆ? ಸಾಹೇಬರು ನಂಬಲಿಲ್ಲ. ಬಣ್ಣ ಹಚ್ಚುತ್ತಿದ್ದ ಔರಾದ ಕಡೆಯ ಪೇಂಟರ್ ಮಾತ್ರ ಬಣ್ಣದ ಡಬ್ಬ ಕೆಳಗಿಟ್ಟು, ಬರಹದ ಮೇಲೆ ಬೆರಳಾಡಿಸಿದ.

“ಖರೇ ಅದರಿ ಸಾಹೇಬ್ರ. ಎಡಗಡಿ ಅಕ್ಷರದ ಬಣ್ಣ ಬಲಗಡಿದ್ರ ಮ್ಯಾಲ ಏರ್ಯಾದ, ಅಂದ್ರ ಬಲಗಡಿದೇ ಮೊದಲ ಬರದಾರ. ಇದ್ರ ಮ್ಯಾಲ ನಾ ಕುಂಚ ಇಡಂಗಿಲ್ರಿ.”

ಸಾಹೇಬರು ತಾವೂ ಬಗ್ಗಿ ನೋಡಿದರು. ಬರಹ ಹಾಗೇ ಇರಲಿ, ಸುತ್ತಲಷ್ಟೇ ಬಣ್ಣ ಹಚ್ಚು ಎಂದು ಪೇಂಟರಿಗೆ ಹೇಳಿದರು. ಕೆಳಗೊಂದು ಫಲಕ ಹಾಕಿಸುತ್ತೇವೆ, ಬರೆದವರ ಹೆಸರು ಹೇಳಿ ಎಂದು ಕಾಗದ ತೆಗೆದರು.

ಅಪ್ಪನ ಹೆಸರು ಹೇಳಿದೆ. ಅದಕ್ಕೂ ಮೇಲಿನ ಸಾಲಿನಲ್ಲಿ, ಮೊದಲು ಅವ್ವನ ಹೆಸರು ಬರೆಸಿದೆ.